ಫೇಲಾದವರ ಮನೆಯಲ್ಲಿ ಉಣ್ಣುವ ಪರೀಕ್ಷಕರು

ಡ್ರೋನ್ ಹಾರಿಸುವ ಪರೀಕ್ಷೆ ತೆಗೆದುಕೊಳ್ಳುವವರು ನಿಮ್ಮ ಕಡೆ ಯಾರಾದರೂ ಇದ್ದಾರೆಯೇ ಎಂದು ಕೇಳಿ ನನಗೆ ಈಗಲೂ ಫೋನು ಬರುತ್ತದೆ. ಒಮ್ಮೆ ಸಿಂದಗಿಯಿಂದ, ಒಮ್ಮೆ ಮುದ್ದೇಬಿಹಾಳದಿಂದ, ಮೊನ್ನೆ ಇಂಡಿ ಊರಿನ ಒಬ್ಬ ದ್ರಾಕ್ಷಿ ತೋಟದವರಿಂದ. “ಒಬ್ಬರು ಇದ್ರು ರೀ” ಎನ್ನುತ್ತೇನೆ. ಆ ಕಡೆಯ ದನಿ ಮೆತ್ತಗಾಗುತ್ತದೆ. “ಅಯ್ಯ, ತೀರಿಕೊಂಡ್ರೇನ್ರಿ?” “ಏ, ಬಿಡ್ತು ಅನ್ರಿ. ಗಟ್ಟಿ ಅದಾರ. ಪರೀಕ್ಷಾ ತಗೊಳ್ಳೋದು ಬಿಟ್ಟಾರ.” ಹಾಗೆ ಹೇಳಿ ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಯಾವ ಕೆಲಸದಲ್ಲೂ ನನ್ನ ಮನಸ್ಸು ನಿಲ್ಲುವುದಿಲ್ಲ. ಅವರು ಬಿಟ್ಟದ್ದರಲ್ಲಿ ನನ್ನ ಪಾಲೂ ಇದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಸಿಟ್ಟಾಗುತ್ತಾರೆ. ಅವರ ಸಿಟ್ಟು ಎಂಥದೆಂದು ಬಲ್ಲವರು ಬರೆಯುವುದಿಲ್ಲ.

ನಮ್ಮೂರು ಮಸೂತಿ. ಬೆಳೆಗೆ ಔಷಧಿ ಹೊಡೆಯುವುದಕ್ಕೆ ನಮ್ಮ ಕಡೆ ‘ಎಣ್ಣಿ ಹೊಡಿಯೋದು’ ಎನ್ನುತ್ತಾರೆ. ನಮ್ಮ ಮನೆಯವರು ಬೆನ್ನಿಗೆ ಪಂಪು ಕಟ್ಟಿಕೊಂಡು ತಮ್ಮ ಹೊಲಕ್ಕೂ ಮಂದಿಯ ಹೊಲಕ್ಕೂ ಎಣ್ಣೆ ಹೊಡೆಯುತ್ತಿದ್ದವರು. ಒಂದು ವರ್ಷ ಆ ಎಣ್ಣೆಯ ವಿಷ ಏರಿ ತೊಗರಿಯ ನಡುವೆಯೇ ಬಿದ್ದರು. ಬಾಗೇವಾಡಿಯ ಆಸ್ಪತ್ರೆಯಲ್ಲಿ ಮಲಗಿಸಿದ್ದಾಗ ಡಾಕ್ಟರು, ಇನ್ನು ಮುಂದೆ ಆ ಪಂಪು ಮುಟ್ಟಕೂಡದು ಎಂದರು. ಹೀಗಾಗಿ ನಮ್ಮ ಮಹಿಳಾ ಸಂಘಕ್ಕೆ ಡ್ರೋನು ಬರುತ್ತದೆ, ಅದನ್ನು ಹಾರಿಸಲು ಯಾರು ಕಲಿಯುತ್ತೀರಿ ಎಂದು ಕೇಳಿದಾಗ ನಾನು ಕೈ ಎತ್ತಿದೆ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಅತ್ತೆ ನನ್ನ ಸೆರಗು ಜಗ್ಗಿದರು. ಮನೆಗೆ ಬಂದ ಮೇಲೆ, “ಒಲಿ ಊದಿದ್ರ ಬೆಂಕಿ ಹತ್ತಂಗಿಲ್ಲ ನಿನಗ, ವಿಮಾನ ಹಾರಸ್ತಾಳಂತ ವಿಮಾನ” ಎಂದು ಇಡೀ ಓಣಿಗೆ ಕೇಳುವಂತೆ ಅಂದರು.

ಧಾರವಾಡದ ಕಡೆ ತರಬೇತಿ ಮುಗಿಯಿತು. ಉಳಿದದ್ದು ಹಾರಿಸಿ ತೋರಿಸುವ ಪರೀಕ್ಷೆ ಒಂದೇ. ಅಷ್ಟರಲ್ಲಿ ಆ ಕೇಂದ್ರದ ಪರೀಕ್ಷಕರು ಕೆಲಸ ಬಿಟ್ಟು ಹೋದರು. “ನಿಮ್ಮ ಕಡೆ ಅಧಿಕೃತ ಪರೀಕ್ಷಕರು ಯಾರಾದರೂ ಸಿಕ್ಕರೆ ಅವರ ಮುಂದೆ ಕೊಡಿ, ಇಲ್ಲದಿದ್ದರೆ ಹೈದರಾಬಾದಿಗೆ ಹೋಗಿ ಪಾಳಿ ಕಾಯಿರಿ” ಎಂದರು. ಇತ್ತ ತೊಗರಿ ಮೊಗ್ಗಿಗೆ ಬಂದಿತ್ತು. ಹೂ ಬಿಡುವ ಹೊತ್ತಿಗೆ ಎಣ್ಣೆ ಬೀಳದಿದ್ದರೆ ಕಾಯಿಕೊರಕ ತಿಂದುಹಾಕುತ್ತದೆ. ಅಷ್ಟರೊಳಗೆ ಪ್ರಮಾಣಪತ್ರ ಪಡೆದವರು ಯಾರೂ ಇರದಿದ್ದರೆ ಡ್ರೋನನ್ನು ಬೇರೆ ಊರಿನ ಸಂಘಕ್ಕೆ ಕೊಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಡ್ರೋನು ಹೋದರೆ ನಮ್ಮ ಮನೆಯವರು ಮತ್ತೆ ಪಂಪಿಗೇ ಬೆನ್ನು ಕೊಡುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಆಗಲೇ ಅದನ್ನು ಅಟ್ಟದಿಂದ ಇಳಿಸಿ ತೊಳೆದು ಒಣಗಲು ಇಟ್ಟಿದ್ದರು.

ಪರೀಕ್ಷಕರನ್ನು ಹುಡುಕಲು ಹೊರಟೆ. ಮುದ್ದೇಬಿಹಾಳದಲ್ಲಿ ಮದುವೆಗಳಿಗೆ ಡ್ರೋನು ಹಾರಿಸಿ ಫೋಟೊ ತೆಗೆಯುವವನೊಬ್ಬ ಇದ್ದ. “ಪರೀಕ್ಷಾ ಯಾಕ್ರಿ ಅಕ್ಕಾರ? ನಾ ಯಾವ ಪರೀಕ್ಷಾ ಕೊಟ್ಟೇನಿ? ಹೋದ ವರ್ಷ ಬೀಗರ ತಲಿ ಪಟಗಾದ ಮ್ಯಾಲ ಇಳೀತು, ಅಷ್ಟ” ಎಂದ. ತಾಳಿಕೋಟೆಯ ಗೊಬ್ಬರದ ಅಂಗಡಿಯವರು ಕುರ್ಚಿ ಹಾಕಿ ಚಹಾ ತರಿಸಿ, “ಆಲಮಟ್ಟ್ಯಾಗ ಕೇಳ್ರಿ, ಅಲ್ಲಿ ಎಂಜಿನಿಯರ್ ಮಂದಿ ಭಾಳ” ಎಂದರು. ಆಲಮಟ್ಟಿಯಲ್ಲಿ ನಾನು ‘ಡ್ರೋನ್’ ಎಂಬ ಮಾತು ಆಡುವಷ್ಟರಲ್ಲೇ ಕಾವಲಿನವನು, “ಡ್ಯಾಮಿನ ಮ್ಯಾಲ ಹಾರಸಂಗಿಲ್ಲ, ನಡೀರಿ” ಎಂದು ಗೇಟು ತೋರಿಸಿದ. ಕೊನೆಗೆ ಸಿಂದಗಿಯಲ್ಲಿ ಡ್ರೋನು ರಿಪೇರಿ ಮಾಡುವ ಒಬ್ಬರು ತಲೆ ಕೆರೆದುಕೊಂಡು ಹೇಳಿದರು: “ಇಂಡಿ ಕಡೆ ಒಬ್ಬರು ಅದಾರ. ಖರೇ ಪರೀಕ್ಷಕರು. ಆದ್ರ ಅವರ ಹಂತ್ಯಾಕ ಹೋಗಬ್ಯಾಡ್ರಿ. ಫೇಲ್ ಮಾಡ್ತಾರ.”

ಅವರ ಊರಿನ ಹೆಸರು ಕೇಳಿದಾಗ ನನಗೆ ನಗು ಬಂತು. ಅದು ನಮ್ಮವ್ವನ ತವರು. ಅವ್ವನಿಗೆ ಫೋನು ಮಾಡಿದರೆ ಕುಣಿದಾಡಿದಳು. “ನಮ್ಮೂರಾವ ಅಂದ್ರ ನಿನಗ ಮಾಮಾ ಆದ. ಇನ್ನೇನ ಬೇಕವ್ವಾ, ಪಾಸಾದಂಗ ಆತು.” ನಮ್ಮ ಕಡೆ ಹಾಗೆಯೇ. ಕೆಲಸಕ್ಕಿಂತ ಮೊದಲು ಬಳಗ ಹುಡುಕುತ್ತೇವೆ. ಬಳಗ ಸಿಕ್ಕರೆ ಅರ್ಧ ಕೆಲಸ ಆದಂತೆ. ನಾನೂ ಅದೇ ಧೈರ್ಯದಲ್ಲಿ ಫೋನು ಮಾಡಿ, ಅವ್ವನ ಹೆಸರು, ಅಜ್ಜನ ಹೆಸರು ಹೇಳಿ, “ಮಾಮಾ” ಎಂದೆ.

“ನಿಮ್ಮಜ್ಜ ಗೊತ್ತ, ನಿಮ್ಮವ್ವನೂ ಗೊತ್ತ” ಎಂದಿತು ಆ ಕಡೆಯ ದನಿ. “ಆದ್ರ ಪರೀಕ್ಷಾ ಮುಗಿಯೋತನಕ ನಾ ಸರ್. ಮುಗಿದ ಮ್ಯಾಲ ಮಾಮಾ ಅನ್ನು, ಕಾಕಾ ಅನ್ನು, ಬೇಕಾದ್ದು ಅನ್ನು.”

ಅವರು ವಾಯುಸೇನೆಯಲ್ಲಿ ವಿಮಾನಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಹಾರಿದವರಲ್ಲ. ಹಾರುವವರನ್ನು ಕಳಿಸಿ, ಅವರು ಇಳಿಯುವ ತನಕ ಕೆಳಗೆ ನಿಂತು ಕಾದವರು. ನಿವೃತ್ತರಾಗಿ ಊರಿಗೆ ಬಂದು ನಿಂಬೆ ತೋಟ ಮಾಡಿದ್ದರು. ತೋಟಕ್ಕೆ ಬಂದ ಡ್ರೋನು ನೋಡಿ, ಆ ವಯಸ್ಸಿನಲ್ಲಿ ಹೋಗಿ ಕಲಿತು, ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರವನ್ನೂ ಪಡೆದಿದ್ದರು. ಎತ್ತರದ ಸಣಕಲು ಆಳು. ತುಂಬುತೋಳಿನ ಬಿಳಿ ಅಂಗಿ, ಕ್ಯಾನ್ವಾಸ್ ಬೂಟು. ಗಿಡದಿಂದ ಒಂದು ನಿಂಬೆ ಎಲೆ ಕಿತ್ತು ಜೇಬಿನಲ್ಲಿ ಹಾಕಿಕೊಂಡೇ ಮನೆ ಬಿಡುತ್ತಿದ್ದರು. ಬಸ್ಸಿನ ಹೊಗೆ ತಲೆಗೆ ಹತ್ತಿದಾಗ ಅದನ್ನು ತಿಕ್ಕಿ ಮೂಸುತ್ತಿದ್ದರು.

ಪರೀಕ್ಷೆಯ ದಿನ ವಿಜಯಪುರದಲ್ಲಿ ಬಸ್ಸು ಬದಲಿಸಿ ಬಂದು ಇಳಿದರು. ಅತ್ತೆ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದರು. ಬಂದವರು “ಒಲ್ಲೆರಿ” ಎಂದರು. ಚಹಾ? ಒಲ್ಲೆ. ಮನೆಗೆ ಬಂದು ಕೂರುವುದು? ಒಲ್ಲೆ. ಊರ ಹೊರಗಿನ ಬೇವಿನ ಗಿಡದ ಕೆಳಗೆ ಹೋಗಿ, ತಾವೇ ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಉಂಡರು. ತಮ್ಮ ಬಾಟಲಿಯ ನೀರೇ ಕುಡಿದರು. ನಮ್ಮಲ್ಲಿ ಬಂದವರು ನೀರು ಒಲ್ಲೆ ಅಂದರೆ ಮುಖಕ್ಕೆ ಹೊಡೆದಂತೆ. ಅತ್ತೆಯ ಮೋರೆ ಇಳಿಯಿತು. “ನಿಮ್ಮವ್ವನ ತವರವರು ಇಂಥಾವರ ಏನು?” ಎಂದು ನನ್ನನ್ನೇ ಕೇಳಿದರು.

ಬೀಳು ಹೊಲದ ಸುತ್ತ ಊರಿಗೆ ಊರೇ ನೆರೆದಿತ್ತು, ಕುಸ್ತಿ ನೋಡಲು ಸೇರಿದಂತೆ. ನಮ್ಮ ಕಡೆ ಹೊಸ ಟ್ರ್ಯಾಕ್ಟರ್ ಬರಲಿ, ಮೋಟರ್ ಸೈಕಲ್ ಬರಲಿ, ಪೂಜೆ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಅತ್ತೆ ಡ್ರೋನಿಗೆ ಕುಂಕುಮ ಹಚ್ಚಿದರು, ಕಾಯಿ ಒಡೆದರು. ಮೊದಲು ಬೈದವರೇ ಆದರೂ ಸೊಸೆ ಊರ ಮುಂದೆ ನಿಂತಿದ್ದಾಳೆಂದು ಆವತ್ತು ಅವರಿಗೆ ಭಾರಿ ಹುರುಪು. ಕೊನೆಗೆ ಒಂದು ಚೆಂಡುಹೂವಿನ ಮಾಲೆಯನ್ನು, ದೃಷ್ಟಿಗೆಂದು ಒಂದು ನಿಂಬೆಹಣ್ಣು ಮೆಣಸಿನಕಾಯಿ ಸೇರಿಸಿ, ಡ್ರೋನಿನ ಕಾಲಿಗೆ ಬಿಗಿದು ಕಟ್ಟಿ ಕೈಮುಗಿದರು. ಹೆಂಗಸರೆಲ್ಲ ಕೈಮುಗಿದರು.

ಅವರು ಕೈ ಹಿಂದೆ ಕಟ್ಟಿಕೊಂಡು ನಿಂತು ಎಲ್ಲ ನೋಡಿದರು. “ತಯಾರಾ?”

“ಹೌದ್ರಿ ಸರ್ರ.”

“ಎಲ್ಲಾ ನೋಡಿದಿ? ಬ್ಯಾಟರಿ, ರೆಕ್ಕಿ, ಸುತ್ತಮುತ್ತ?”

“ನೋಡೇನ್ರಿ.”

“ಮತ್ತೊಮ್ಮೆ ನೋಡು.”

ಮತ್ತೊಮ್ಮೆ ನೋಡಿದೆ. ಮಾಲೆ ಕಾಣುತ್ತಲೇ ಇತ್ತು. ಹಾರುವ ಯಂತ್ರದ ಮೇಲೆ ಸಡಿಲ ದಾರ ಇರಬಾರದು ಎಂದು ತರಬೇತಿಯ ಮೊದಲ ದಿನವೇ ಹೇಳಿದ್ದರು. ಆದರೆ ಅತ್ತೆ ಇನ್ನೂ ಕೈಮುಗಿದೇ ನಿಂತಿದ್ದರು. ಹಿರಿಯರು ಕಟ್ಟಿದ ಮಾಲೆಯನ್ನು ಊರ ಮುಂದೆ ಹರಿದು ತೆಗೆಯುವ ಸೊಸೆ ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಕಾಲಿಗೆ ತಾನೇ ಕಟ್ಟಿದ್ದು, ರೆಕ್ಕೆಗೆ ಅಲ್ಲವಲ್ಲ ಎಂದುಕೊಂಡೆ. “ತಯಾರ್ರಿ” ಎಂದು ಹೆಬ್ಬೆರಳು ಒತ್ತಲು ಹೋದೆ.

ಅವರು ಕೈ ಎತ್ತಿದರು. “ನಿಂದ್ರಸು. ಫೇಲ್.”

ಡ್ರೋನು ನೆಲ ಬಿಟ್ಟಿರಲೇ ಇಲ್ಲ. ಜನ ಗುಲ್ಲೆಬ್ಬಿಸಿದರು. “ಪೂಜಿ ಮಾಡಿದ್ದಕ್ಕ ಫೇಲ್ ಏನ್ರಿ? ದೇವರು ದಿಂಡರು ಇಲ್ಲೇನ್ ನಿಮಗ?” ಎಂದು ಒಬ್ಬರು ಕೂಗಿದರು. ಅವರು ದನಿ ಏರಿಸಲಿಲ್ಲ. ಅತ್ತೆಯ ಕಡೆ ತಿರುಗಿ, “ನೀವು ಮಾಲಿ ಹಾಕಿದ್ದು ತಪ್ಪಲ್ಲವ್ವಾ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ನೀ ತಗೀಲಿಲ್ಲ, ಅದು ತಪ್ಪು. ದಾರ ರೆಕ್ಕಿಗೆ ಸುತ್ತಿದ್ರ ಇದು ಯಾರ ತಲಿ ಮ್ಯಾಲ ಬೀಳ್ತಿತ್ತು? ಹಾರಸೋವಾಕಿ ಯಾರು? ನಿಮ್ಮತ್ತ್ಯೋ, ನೀನೋ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಇವರು ಈಗ ಬಸ್ಸು ಹತ್ತಿ ಹೋದರೆ ಸಾಕು, ಒಳಗೆ ಹೋಗಿ ಕದ ಹಾಕಿಕೊಂಡು ಅತ್ತುಬಿಡುತ್ತೇನೆ ಎಂದು ಕಾಯುತ್ತಿದ್ದೆ. ಅವರು ಬಸ್ಸಿನ ಕಡೆ ಹೋಗಲೇ ಇಲ್ಲ. ನೆಟ್ಟಗೆ ನಮ್ಮ ಮನೆಗೆ ಬಂದು, ಬೂಟು ಬಿಚ್ಚಿ, ಕೈಕಾಲು ತೊಳೆದು, ಪಡಸಾಲೆಯಲ್ಲಿ ಕುಳಿತು, “ಹಸಿವಾಗೇತಿ. ನೀಡ್ರಿ” ಎಂದರು.

ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಬಂದವರನ್ನು ಉಪವಾಸ ಕಳಿಸುವ ಮನೆ ನಮ್ಮದಲ್ಲ. ನಾನು ತಾಟನ್ನು ನೆಲಕ್ಕೆ ಕುಕ್ಕಿ ಇಟ್ಟೆ. ರೊಟ್ಟಿ ಎಸೆದಂತೆಯೇ ಹಾಕಿದೆ. ಅವರು ಒಂದಿಷ್ಟೂ ಬೇಜಾರಿಲ್ಲದೆ ಉಂಡರು, ಎಣಗಾಯಿ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಉಣ್ಣುತ್ತಾ ತಮ್ಮ ನೇಮ ಹೇಳಿದರು. “ಪರೀಕ್ಷಾಕ್ಕ ಮೊದಲ ಯಾರ ಮನಿ ನೀರೂ ಕುಡಿಯಂಗಿಲ್ಲ. ಪಾಸಾದವರ ಮನ್ಯಾಗ ಉಣ್ಣಂಗಿಲ್ಲ. ಉಂಡ್ರ, ರೊಟ್ಟಿ ತಿಂದು ಪಾಸ್ ಮಾಡ್ದ ಅಂತಾರ. ಅದು ನನಗಲ್ಲ, ಪಾಸಾದವರಿಗೆ ಕೆಟ್ಟ ಹೆಸರು. ಫೇಲಾದವರ ಮನ್ಯಾಗ ಉಣ್ಣದ ಹೋಗಂಗಿಲ್ಲ. ಹೋದ್ರ ಹಗಿತನ ಆಗ್ತೈತಿ.”

ತಮ್ಮ ತಂಗಿಯ ಮಗನನ್ನೇ ಫೇಲು ಮಾಡಿದ್ದರಂತೆ. ತಂಗಿ ಮಾತು ಬಿಟ್ಟಳು. ಮನೆಯ ಮದುವೆಗೂ ಕರೆಯಲಿಲ್ಲ. ಇವರು ಕರೆಯದೆಯೇ ಹೋಗಿ ಪಂಕ್ತಿಯಲ್ಲಿ ಕುಳಿತರು. “ತಂಗಿನ ಬಂದು ನೀಡಿದ್ಲು. ಮಾತಾಡ್ಲಿಲ್ಲ. ಸಾರಿಗೆ ಮಾತ್ರ ಬೇಕಂತ ಉಪ್ಪು ಸುರದಿದ್ಲು. ಬಿಡದ ಉಂಡೆ. ಮುಂದಿನ ಹಬ್ಬಕ್ಕ ಆಕಿನ ಹೋಳಿಗಿ ಕಳಿಸಿದ್ಲು.” ಇದನ್ನು ಕೇಳಿ ಅತ್ತೆ ಫಕ್ಕನೆ ನಕ್ಕುಬಿಟ್ಟರು. ನನಗೂ ನಗು ತಡೆಯಲಾಗಲಿಲ್ಲ.

“ಮಾಮಾ, ಮುಂದಿನ ಸಲ ಇನ್ನ್ಯಾವುದರಾಗ ಫೇಲ್ ಮಾಡ್ತೀರಿ?” ಎಂದೆ, ಚುಚ್ಚಿಯೇ.

“ಡ್ರೋನಿನ ಮಾರಿ ನಿನ್ನ ಕಡೆ ತಿರುಗಿದಾಗ. ಹೊಸಬರೆಲ್ಲಾ ಅಲ್ಲೇ ಎಡವ್ತಾರ” ಎಂದರು. ಅದು ನಿಜಕ್ಕೂ ನನಗೆ ತೊಡಕಾಗಿತ್ತು. ಡ್ರೋನು ನಮಗೆ ಬೆನ್ನು ಮಾಡಿ ಹೋಗುವಾಗ ಅದರ ಬಲ ನಮ್ಮ ಬಲವೇ. ತಿರುಗಿ ನಮ್ಮತ್ತ ಬರುವಾಗ ಎಲ್ಲ ತಿರುವುಮುರುವು. ತರಬೇತಿಯಲ್ಲಿ ಎಷ್ಟೋ ಸಲ ಎಡವಿದ್ದೆ. ಅವರು ಕೊಟ್ಟಿಗೆಯ ಕಡೆ ಬೆರಳು ತೋರಿಸಿದರು. “ಎತ್ತು ಎದುರಿಗೆ ಬಂದಾಗ ನೊಗದ ಬಲಗೋಲ ಎತ್ತು ನಿನ್ನ ಎಡಗೈಗೆ ಕಾಣ್ತೈತಿ. ಹಂಗಂತ ಅದನ್ನ ಎಡಗೋಲು ಅಂತೀಯೇನು? ಇಲ್ಲ. ನಿನ್ನ ಬಲ ಮರ್ತುಬಿಡು. ಎತ್ತಿನ ಬಲ ನೋಡು.” ಹತ್ತಾರು ಚಿತ್ರ ಬರೆದು ತೋರಿಸಿದ್ದರೂ ನನ್ನ ತಲೆಗೆ ಇಳಿಯದ್ದು ಆ ತಾಟಿನ ಮುಂದೆ ಇಳಿಯಿತು. ಪರೀಕ್ಷಕರಾಗಿ ಅವರು ಕಲಿಸುವಂತಿರಲಿಲ್ಲ. ಉಣ್ಣಲು ಬಂದ ಮಾಮಾ ಆಗಿ ಕಲಿಸಿ ಹೋದರು.

ಎರಡನೆಯ ಸಲ ಬಂದಾಗ ತೊಗರಿಯಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಹೂವು ಕಾಣಿಸತೊಡಗಿತ್ತು. ಅತ್ತೆ ಮತ್ತೆ ಆರತಿ ತಟ್ಟೆ ಹಿಡಿದು ಬಂದರು. ನಾನು ಊರ ಮುಂದೆಯೇ, “ಅತ್ತಿ, ಅಲ್ಲೇ ನಿಂತು ಬೆಳಗ್ರಿ. ಹಂತ್ಯಾಕ ಬರಬ್ಯಾಡ್ರಿ” ಎಂದೆ. ಗುಂಪಿನಲ್ಲಿ ಯಾರೋ, “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂದು ನಕ್ಕರು. ಅತ್ತೆ ನಿಂತಲ್ಲಿಂದಲೇ ಆರತಿ ಎತ್ತಿದರು.

ಇನ್ನೇನು ಹಾರಿಸಬೇಕು, ಗಾಳಿ ಎದ್ದಿತು. ಅವರು ಜೋಳದ ದಂಟಿಗೆ ಹಳೆಯ ಧೋತರದ ಚೂರು ಕಟ್ಟಿ ನೆಲಕ್ಕೆ ಚುಚ್ಚಿದ್ದರು. ಗಾಳಿ ನೋಡಲು ಅದೇ ಅವರ ಯಂತ್ರ. ಆ ಬಟ್ಟೆ ಪಟಪಟ ಬಡಿಯತೊಡಗಿತು. “ಹೂಂ, ಏನ್ ನೋಡ್ತಿ? ಹಾರಸು. ನನಗ ಬಸ್ಸಿಗೆ ಹೊತ್ತಾತು” ಎಂದರು. ನಾನು ಬಟ್ಟೆ ನೋಡಿದೆ. “ಇಲ್ರಿ ಸರ್ರ. ಗಾಳಿ ನಿಲ್ಲಲಿ.” “ಬಸ್ ತಪ್ಪಿದ್ರ ನಾ ಮತ್ತ ಬರಂಗಿಲ್ಲ.” ಅವರು ಬರದಿದ್ದರೆ ಡ್ರೋನು ಹೋಯಿತು, ಪಂಪು ಮತ್ತೆ ಬೆನ್ನಿಗೇರಿತು. “ಬರದಿದ್ರ ಬಿಡ್ರಿ. ಈ ಗಾಳ್ಯಾಗ ಹಾರಸಂಗಿಲ್ಲ” ಎಂದು ರಿಮೋಟನ್ನು ನೆಲಕ್ಕೆ ಇಟ್ಟುಬಿಟ್ಟೆ.

ಅವರು ಬೇವಿನ ಗಿಡದ ಕೆಳಗೆ ಹೋಗಿ ಕುಳಿತರು. ಬಸ್ಸು ಬಂತು, ಹೋಯಿತು. ಬಿಸಿಲು ಇಳಿದ ಮೇಲೆ ಬಟ್ಟೆ ಜೋತುಬಿತ್ತು. ಎದ್ದು ಬಂದು, “ಈಗ?” ಎಂದರು. “ಈಗ ಆಗ್ತೈತ್ರಿ” ಎಂದೆ. ನಾನು ಹಾರಿಸುವಷ್ಟು ಹೊತ್ತು ಅವರು ಒಮ್ಮೆಯೂ ಮೇಲೆ ನೋಡಲಿಲ್ಲ. ನನ್ನ ಹೆಬ್ಬೆರಳನ್ನೂ ಮುಖವನ್ನೂ ನೋಡುತ್ತ ನಿಂತಿದ್ದರು. “ಮ್ಯಾಲ ನೋಡಾಕ ಊರ ಮಂದಿ ಅದಾರ” ಎಂದು ಆಮೇಲೆ ಹೇಳಿದರು. ಡ್ರೋನಿನ ಮಾರಿ ನನ್ನ ಕಡೆ ತಿರುಗಿದಾಗ ನಮ್ಮ ಬಲಗೋಲ ಎತ್ತನ್ನು ನೆನೆದೆ. ಇಳಿಸಿದೆ. “ಪಾಸ್” ಎಂದವರೇ ಚೀಲ ಹೆಗಲಿಗೆ ಹಾಕಿ ರಸ್ತೆ ಹಿಡಿದರು. ಅತ್ತೆ ಹೋಳಿಗೆಯ ಗಂಟು ಹಿಡಿದು ಹಿಂದೆಯೇ ಓಡಿದರು. ಸಂಜೆಯ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವರು ಕೈಮುಗಿದರು, ಗಂಟು ಮುಟ್ಟಲಿಲ್ಲ. “ಫೇಲ್ ಮಾಡಿದಾಗ ಹೊಟ್ಟಿ ತುಂಬ ಉಂಡ, ಪಾಸ್ ಮಾಡಿದಾಗ ಉಪವಾಸ ಹೋದ. ಎಂಥಾ ಮನಿಷ್ಯಾನೋ ಏನೋ” ಎಂದು ಅತ್ತೆ ರಾತ್ರಿ ಊಟಕ್ಕೆ ಕೂರುವ ತನಕ ಅಂದುಕೊಳ್ಳುತ್ತಲೇ ಇದ್ದರು.

ಆ ಹಂಗಾಮಿನಲ್ಲಿ ನಮ್ಮ ತೊಗರಿಗೆ ನಾನೇ ಎಣ್ಣೆ ಹೊಡೆದೆ. ನಮ್ಮ ಮನೆಯವರು ದೂರದ ಬದುವಿನ ಮೇಲೆ ಪಂಪಿಲ್ಲದ ಬರಿ ಬೆನ್ನಲ್ಲಿ ಕುಳಿತು ನೋಡಿದರು. ಆವತ್ತು ನನಗೆ ಆದ ಸಂತೋಷಕ್ಕೆ ಯಾರಿಗೆ ಕೈಮುಗಿಯಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮೇಲೆ ಬೇರೆ ಬೇರೆ ಊರಿನ ಹೊಲಗಳಿಗೆ ಹೋದೆ. “ಒಂದೀಟು ಗಾಳಿ ಇದ್ರ ಏನಾಗ್ತೈತಿ, ಹೊಡದ ಬಿಡವ್ವಾ” ಎನ್ನುವ ಗೌಡರಿಗೂ, “ಮಂದಿ ದೂರ ಯಾಕ ಸರೀಬೇಕು” ಎನ್ನುವ ಹಿರಿಯರಿಗೂ ‘ಇಲ್ಲ’ ಎನ್ನುವುದು ನನಗೆ ರೂಢಿಯಾಯಿತು. ಪ್ರಮಾಣಪತ್ರ ಅವರು ಕೊಟ್ಟದ್ದು ಒಂದು ಮಾತು. ಆ ‘ಇಲ್ಲ’ ಕೂಡ ಅವರೇ ಕೊಟ್ಟದ್ದು. ಅದು ನನ್ನನ್ನೂ ಹಲವರನ್ನೂ ಕಾಯ್ದಿದೆ.

ಹೋದ ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ಅವರು ಫೋನೂ ಮಾಡದೆ ಬಂದರು. ಬಸ್ಸಿಳಿಯುವಾಗ ಮೆಟ್ಟಿಲನ್ನು ಕಾಲಲ್ಲಿ ತಡವಿ ಇಳಿದದ್ದು ಕಂಡೆ. “ವಿಜಯಪುರದ ಕಣ್ಣಿನ ಡಾಕ್ಟರು ಏನೇನೋ ಅಂತಾರ. ನಾಳೆ ಮುದ್ದೇಬಿಹಾಳದ ಕಡೆ ಒಬ್ಬಾಕಿ ಪರೀಕ್ಷಾಕ್ಕ ಕಾಯಾಕತ್ತಾಳ. ಹಾರಸಾಕ ಬರದವ ಪರೀಕ್ಷಾ ಹೆಂಗ ತಗೊಳ್ಳೋದು? ನನ್ನ ಪರೀಕ್ಷಾ ನೀ ತಗೋ.”

“ನಾ ಯಾವ ದೊಡ್ಡಾಕಿರಿ ಮಾಮಾ?”

“ಉಳಿದವರು ಎಲ್ಲಾರೂ ನಾ ಹಾರಸು ಅಂದ್ರ ಹಾರಸ್ತಾರ. ಬ್ಯಾಡ ಅಂದಾಕಿ ನೀ ಒಬ್ಬಾಕಿ.”

ಅದೇ ಬೀಳು ಹೊಲ. ಡ್ರೋನಿನ ಎಣ್ಣೆಯ ಟಾಕಿ ಖಾಲಿ ಮಾಡಿ ರಿಮೋಟು ಅವರ ಕೈಗೆ ಕೊಟ್ಟೆ. ಬ್ಯಾಟರಿ, ರೆಕ್ಕೆ ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿದರು. ಎಷ್ಟು ಚೆಂದ ಎತ್ತಿದರು! ಚೌಕ ಸುತ್ತಿದರು, ಒಂದೆಡೆ ನಿಲ್ಲಿಸಿದರು, ಗೆರೆ ಎಳೆದಂತೆ ಇತ್ತು. ನಾನು ಮೇಲೆ ನೋಡುವುದು ಬಿಟ್ಟು ಅವರ ಮುಖ ನೋಡಿದೆ. ಡ್ರೋನು ತಿರುಗಿತು. ಅವರ ಕಣ್ಣು ಕಿರಿದಾಯಿತು. ಹೆಬ್ಬೆರಳು ಎಡಕ್ಕೆ ಹೋಗಿ, ಹಿಂದೆ ಬಂದು, ನಡುವೆ ತಡಬಡಿಸಿತು. ಡ್ರೋನು ಬೇಲಿಯ ಕಡೆ ಜಾರತೊಡಗಿತು. “ಇಳಸ್ರಿ!” ಎಂದೆ. ಇಳಿಸಿದರು.

ಬೆವರು ಒರೆಸಿಕೊಂಡು, “ಹೇಳು” ಎಂದರು.

ಅವರು ಬಿಟ್ಟರೆ ನಮ್ಮ ಸುತ್ತಲಿನ ನಾಲ್ಕು ತಾಲೂಕಿಗೆ ಇನ್ನೊಬ್ಬರಿಲ್ಲ. ನನ್ನ ಹಾಗೆ ಊರೂರು ಅಲೆಯುವವರು ಮತ್ತೆ ಹೈದರಾಬಾದಿಗೆ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ, ನನ್ನ ಮನೆ ಉಳಿಸಿದ ಮನುಷ್ಯ ನನ್ನ ಮುಂದೆ ಮಗುವಿನಂತೆ ನಿಂತಿದ್ದರು. ಒಂದು ‘ಪಾಸ್’ ಅಂದರೆ ನನ್ನ ಗಂಟೇನು ಹೋಗುತ್ತಿತ್ತು? ಅವರು ಅವಸರ ಮಾಡಲಿಲ್ಲ, ಕೈ ಹಿಂದೆ ಕಟ್ಟಿ ಕಾದರು.

“ಫೇಲ್ ರೀ” ಎಂದೆ. “ಮಾರಿ ಈ ಕಡೆ ತಿರುಗಿದ್ದು ನಿಮಗ ಕಾಣಲಿಲ್ಲ.”

ಅವರು ಜೇಬಿನಿಂದ ಫೋನು ತೆಗೆದು ಕಣ್ಣಿಗೆ ಹತ್ತಿರ ಹಿಡಿದು, ಮುದ್ದೇಬಿಹಾಳದವಳ ನಂಬರು ಒತ್ತಿದರು. “ತಂಗಿ, ನಾಳೆ ನಾ ಬರಂಗಿಲ್ಲ. ಬ್ಯಾರೆ ಕಡೆ ನೋಡಿಕೋ. ನಾ ಫೇಲಾಗೇನಿ.” ಆ ಕಡೆಯವಳು ಏನೋ ಕೇಳಿರಬೇಕು. ಇವರು ನನ್ನ ಕಡೆ ನೋಡಿ, ಹೊಲದಾಚೆ ನಿಂತಿದ್ದ ಅತ್ತೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: “ಯಾರು ಫೇಲ್ ಮಾಡಿದ್ರು ಅಂದ್ರ? ನಮ್ಮ ಮಸೂತಿಯಾಕಿ! ನನ್ನ ಮಾರಿ ನೋಡಿ, ಕಾರಣ ಹೇಳಿ, ಫೇಲ್ ಮಾಡಿದ್ಲು ನೋಡು!” ನಾನು ಕಣ್ಣು ಒರೆಸಿಕೊಂಡೆ. ಮಗಳು ಪಾಸಾದಳೆಂದು ಊರಿಗೆಲ್ಲ ಸಾರುವ ತಂದೆಯ ದನಿ ಅದು.